ಹಾಲಿಗೆ ಬಂದ ಅಪವಾದ

ಬೆಳಿಗ್ಗೆ ಅತ್ತಿಗೆ ರುಚಿ ನೋಡುವ ಕೋಣೆಗೆ ಕಾಲಿಟ್ಟಾಗ ಮೇಜಿನ ಮೇಲೆ ಎಲ್ಲವೂ ಇತ್ತು, ಹಾಲಿನ ಜಗ್ಗೊಂದನ್ನು ಬಿಟ್ಟು. ಬಿಳಿ ಬಟ್ಟಲುಗಳು ಸಾಲಾಗಿ ಕೂತಿದ್ದವು. ಪ್ರತಿ ಬಟ್ಟಲಿನ ಹಿಂದೆ ಆಯಾ ಲಾಟಿನ ಚಹಾಪುಡಿ ಪುಟ್ಟ ತಟ್ಟೆಯಲ್ಲಿತ್ತು. ನೀರು ಕೊತಕೊತ ಕುದಿಯುತ್ತಿತ್ತು. ಉಗುಳುವ ಡಬ್ಬವನ್ನು ಯಾರೋ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿಟ್ಟಿದ್ದರು.

"ಹಾಲೆಲ್ಲಿ?" ಎಂದಳು ಅತ್ತಿಗೆ.

ಕೆಟಲ್ ಹಿಡಿದು ನಿಂತಿದ್ದ ಸಹಾಯಕಿ ಗೋಡೆ ನೋಡಿದಳು. "ಯಜಮಾನ್ರು ಬೇಡ ಅಂದ್ರು. ಇನ್ಮೇಲೆ ಕಂಪನಿ ಒಳಗೆ ಹಾಲೇ ಬರಬಾರದಂತೆ. ಪ್ಯಾಕಿಂಗ್‌ನವರ ಚಹಾಕ್ಕೂ ಇಲ್ವಂತೆ. ನೆನ್ನೆ ಸಂಜೆಯಿಂದ ಅವರೆಲ್ಲ ಮುಖ ಗಂಟು ಹಾಕ್ಕೊಂಡಿದಾರೆ."

"ಯಜಮಾನ್ರಿಗೆ ರಾತ್ರೋರಾತ್ರಿ ಏನಾಯ್ತಂತೆ?"

"ಅದನ್ನ ನೀವೇ ಕೇಳ್ಬೇಕು, ಅತ್ತಿಗೆ. ನಮಗೆಲ್ಲಿದೆ ಅಷ್ಟು ಧೈರ್ಯ?"

ಈ ಅತ್ತಿಗೆ ಯಾರಿಗೆ ಅತ್ತಿಗೆ ಎಂದರೆ, ನ್ಯಾಯವಾಗಿ ಯಜಮಾನನೊಬ್ಬನಿಗೇ. ಅವಳ ಗಂಡ ಆ ಮನೆಯ ಹಿರಿಯ ಮಗ. ತೀರಿಹೋಗಿ ಬಹಳ ಕಾಲವಾಯಿತು. ಆದರೆ ಯಜಮಾನ ಕರೆಯುವುದನ್ನು ಕೇಳಿ ಕೇಳಿ ಗುಮಾಸ್ತರೂ ಅತ್ತಿಗೆ ಅಂದರು, ಪ್ಯಾಕಿಂಗ್ ಹೆಂಗಸರೂ ಅಂದರು, ಕೊನೆಗೆ ಅವಳಿಗಿಂತ ಎಷ್ಟೋ ದೊಡ್ಡವನಾದ ಲಾರಿ ಡ್ರೈವರ್ ಕೂಡ ನರೆತ ಮೀಸೆಯ ಅಡಿಯಿಂದ "ಅತ್ತಿಗೆಯವ್ರೇ" ಅನ್ನತೊಡಗಿದ. ಇಷ್ಟೊಂದು ಮೈದುನರನ್ನು ಬೇರೆ ಯಾವ ಹೆಣ್ಣೂ ಪಡೆದಿರಲಿಕ್ಕಿಲ್ಲ.

ಅವಳು ಆ ಕೋಣೆಗೆ ಬಂದದ್ದೇ ಬಾಯಿ ಸುಮ್ಮನಿರದೆ. ಮದುವೆಯಾದ ಹೊಸದರಲ್ಲಿ ಒಂದು ದಿನ ಅಡುಗೆಮನೆಯಲ್ಲಿ ಚಹಾ ಕುಡಿದು, "ಇದರಲ್ಲಿ ಹಳೇ ಪುಡಿ ಬೆರೆತಿದೆ, ಗೋಣಿಚೀಲದ ವಾಸನೆ ಬರ್ತಿದೆ" ಅಂದುಬಿಟ್ಟಳು. ಚಹಾ ಕಂಪನಿಯವರ ಮನೆಯಲ್ಲಿ ಹೊಸ ಸೊಸೆ ಹೀಗೆನ್ನಬಹುದೇ? ಅತ್ತೆ ಹೌಹಾರಿದರು. ಮಾವ ಮಾತ್ರ ಲೋಟ ಕೆಳಗಿಟ್ಟು ನೆಟ್ಟಗೆ ಗೋದಾಮಿಗೆ ಹೋಗಿ ನೋಡಿಬಂದರು. ಮರುದಿನ ಸೊಸೆಯನ್ನು ಕರೆದುಕೊಂಡು ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಆ ಕುರ್ಚಿಯನ್ನು ಅವಳು ಇವತ್ತಿನವರೆಗೂ ಬಿಟ್ಟಿಲ್ಲ. ಗಂಡ ಹೋದ ಮೇಲೆ ಆ ಮನೆಯಲ್ಲಿ ಅವಳನ್ನು ಯಾರೂ ಪಾಪದವಳು ಎಂದು ಕರೆಯದೆ ಇದ್ದರೆ ಅದಕ್ಕೆ ಕಾರಣ ಆ ಕುರ್ಚಿ.

ಮಾವ ಮಾಡಿಟ್ಟ ಪದ್ಧತಿ ಒಂದಿತ್ತು. ಆ ಕುರ್ಚಿಯಲ್ಲಿ ಕೂತವರು ರುಚಿ ನೋಡಿ, ನಾಲ್ಕು ಜನರ ಎದುರು ಬಾಯಿಬಿಟ್ಟು "ಹೋಗಲಿ" ಅನ್ನದೆ ಒಂದು ಪೊಟ್ಟಣವೂ ಗೇಟು ದಾಟಬಾರದು. ಬರೆದುಕೊಟ್ಟರೆ ನಡೆಯದು. ಬರೆಯುವ ಕೈ ಸುಳ್ಳು ಹೇಳಬಹುದು, ಆಗತಾನೆ ಚಹಾ ಕುಡಿದ ಬಾಯಿ ಸುಳ್ಳು ಹೇಳಲು ಸ್ವಲ್ಪವಾದರೂ ನಾಚುತ್ತದೆ ಎಂಬುದು ಅವರ ಲೆಕ್ಕ.

ಕಂಪನಿಯ ಹೆಸರು ಉಳಿಸಿದ್ದು ಕೆಂಪು ಪೊಟ್ಟಣ. ಅದು ಅತ್ತಿಗೆಯೇ ಬೇರೆ ಬೇರೆ ಪುಡಿ ಸೇರಿಸಿ ಬೆರಕೆ ಕಟ್ಟಿದ ಚಹಾ. ಹಾಲು ಹಾಕಿ ಕುಡಿಯುವವರಿಗೆಂದೇ ಕಟ್ಟಿದ್ದು: ಬಸ್ ಡಿಪೋದವರು, ಆಸ್ಪತ್ರೆಯ ಕ್ಯಾಂಟೀನಿನವರು, ಬೆಳಗಿನ ಪಾಳಿಗೆ ಕಣ್ಣುಜ್ಜಿಕೊಂಡು ಏಳುವವರು. ಹಾಲಿಲ್ಲದೆ ಕುಡಿದರೆ ಒಗರಿಗೆ ನಾಲಿಗೆ ಮುದುಡಿ ಕೂರುತ್ತದೆ. ಹಾಲು ಬಿದ್ದರೋ, ಅದರ ಜೊತೆ ಗುದ್ದಾಡಿ ತನ್ನ ರುಚಿ ಉಳಿಸಿಕೊಳ್ಳುತ್ತದೆ. ಅದಕ್ಕೇ ಅವಳು ಪ್ರತಿ ಬಟ್ಟಲಿಗೂ ಅಳತೆಯ ಹಾಲು ಸುರಿದು ನೋಡುತ್ತಿದ್ದಳು. ಬಣ್ಣ ಇಟ್ಟಿಗೆಯಂತೆ ಕೆಂಪಗೆ ಏಳಬೇಕು. ಪಾತ್ರೆ ತೊಳೆದ ನೀರಿನಂತೆ ಬೂದುಬಣ್ಣಕ್ಕೆ ತಿರುಗಿದರೆ ಆ ಲಾಟು ವಾಪಸ್ಸು. ಹಾಲಿಲ್ಲದೆ ಕೆಂಪು ಪೊಟ್ಟಣದ ರುಚಿ ನೋಡುವುದೆಂದರೆ ಅವಳ ಪಾಲಿಗೆ ಕಣ್ಣು ಮುಚ್ಚಿಕೊಂಡು ಬಟ್ಟೆ ಆರಿಸಿದ ಹಾಗೆ.

ಅವಳು ಮೆಟ್ಟಿಲು ಹತ್ತಿ ಯಜಮಾನನ ಕೋಣೆಗೆ ಹೋದಳು. ಅವನು ಲೋಟದಲ್ಲಿ ಬಿಸಿನೀರು ಇಟ್ಟುಕೊಂಡು ಕೂತಿದ್ದ. ಚಹಾ ಕಂಪನಿಯ ಯಜಮಾನ, ಆದರೆ ಅಪ್ಪ ಹೋದಮೇಲೆ ಚಹಾ ಮುಟ್ಟಿದವನಲ್ಲ. ಮೇಜಿನ ಮೇಲೆ ಹೊಸ ಪೊಟ್ಟಣಗಳ ರಾಶಿ. ಅದೇ ಕೆಂಪು, ಅದೇ ಅಳತೆ. ಮೇಲೆ ದಪ್ಪ ಅಕ್ಷರ: ಹೃದಯದ ಗೆಳೆಯ. ಅದರ ಕೆಳಗೆ: ಹಾಲು ಬೆರೆಸಬೇಡಿ. ಹಾಲು ಚಹಾದ ಗುಣವನ್ನು ಕೊಲ್ಲುತ್ತದೆ.

"ಒಳಗೆ ಯಾವ ಚಹಾ ತುಂಬ್ತೀಯಾ?"

"ಅದೇ, ಅತ್ತಿಗೆ. ನಿಮ್ಮ ಕೆಂಪು ಪೊಟ್ಟಣದ್ದೇ."

ಅವಳಿಗೆ ನಗು ಬಂತು. ಬಂದ ನಗೆಯನ್ನು ಅವಳು ಯಾವತ್ತೂ ತಡೆದವಳಲ್ಲ. "ಅಲ್ವೋ, ಹಾಲಿಗೆ ಅಂತ ಕಟ್ಟಿದ ಚಹಾನ ಹಾಲು ಹಾಕ್ಬೇಡಿ ಅಂತ ಬರೆದು ಮಾರ್ತೀಯಾ? ಹಾಗೇ ಕುಡಿದ್ರೆ ಗಂಟಲನ್ನ ಪೊರಕೆಯಲ್ಲಿ ಗುಡಿಸಿದ ಹಾಗಾಗುತ್ತೆ. ಒಂದ್ಸಲನಾದ್ರೂ ಕುಡಿದು ನೋಡಿದ್ಯಾ?"

"ಔಷಧಿ ರುಚಿಯಾಗಿರಬೇಕು ಅಂತ ಎಲ್ಲಿದೆ?" ಅವನು ನಗಲಿಲ್ಲ. "ಲ್ಯಾಬಿನವರನ್ನ ಕೇಳಿ ತಿಳ್ಕೊಂಡೇ ಮಾಡಿದ್ದು. ಚಹಾದಲ್ಲಿ ರಕ್ತನಾಳಕ್ಕೆ ಒಳ್ಳೇದು ಮಾಡೋ ಅಂಶ ಇದೆ. ಹಾಲು ಬಿದ್ರೆ ಹಾಲಿನ ಪ್ರೋಟೀನು ಅದನ್ನ ಹಿಡ್ಕೊಂಡುಬಿಡುತ್ತೆ, ಮೈಗೆ ಬಿಡಲ್ಲ. ಜನ ಇಷ್ಟು ದಿನ ಸುಮ್ನೆ ಬಣ್ಣದ ನೀರು ಕುಡಿದಿದಾರೆ."

"ಜನ ನಿನ್ನ ಹತ್ರ ಬಂದು ರಕ್ತನಾಳ ರಿಪೇರಿ ಮಾಡ್ಕೊಡು ಅಂದ್ರಾ? ಅವರು ಕೇಳಿದ್ದು ಚಹಾ."

"ಭಾನುವಾರ ಡೀಲರುಗಳು ಬರ್ತಾರೆ. ಅವರ ಎದುರು ನೀವು ಹೋಗಲಿ ಅನ್ನಬೇಕು."

"ಅನ್ನಲ್ಲ."

ಅವನು ಬಿಸಿನೀರು ಕುಡಿದ, ಲೋಟ ಇಟ್ಟ. "ಭಾನುವಾರವೂ ಅನ್ನದಿದ್ರೆ ಆ ಕುರ್ಚಿಗೆ ಬೇರೆಯವರನ್ನ ನೋಡಿಟ್ಟಿದೀನಿ. ನೀವು ಮನೇಲಿ ಆರಾಮಾಗಿ ಇರಿ." ಅಷ್ಟಕ್ಕೇ ಬಿಟ್ಟಿದ್ದರೆ ಅವಳು ಇನ್ನೂ ನಾಲ್ಕು ಮಾತು ಆಡಿಬರುತ್ತಿದ್ದಳು. ಆದರೆ ಅವನು ಪೊಟ್ಟಣಗಳನ್ನು ನೇರ ಮಾಡುತ್ತಾ, ತಲೆಯೆತ್ತದೆ ಹೇಳಿದ: "ಅಪ್ಪನಿಗೆ ಹಾರ್ಟು ಅಂತ ಡಾಕ್ಟರು ಹೇಳಿದ ಮೇಲೂ ದಿನಾ ಹಾಲು ಸುರಿದು ಚಹಾ ಕೊಟ್ಟವರು ನೀವೇ ಅಲ್ವಾ, ಅತ್ತಿಗೆ."

ಆ ಮಾತು ಅವಳ ಎದೆಗೆ ನಾಟಿತು. ಅವಳು ಮೆಟ್ಟಿಲಿಳಿದು ನೆಟ್ಟಗೆ ಮನೆಗೆ ಹೋದಳು.

ಮನೆಯಲ್ಲಿ ಅತ್ತೆ ಬಾಲ್ಕನಿಯಲ್ಲಿ ಕೂತು ಕರಿಚಹಾ ಕುಡಿಯುತ್ತಿದ್ದರು. ಕುಡಿಯುತ್ತಿದ್ದರು ಅನ್ನುವುದಕ್ಕಿಂತ ಲೋಟದ ಜೊತೆ ಜಗಳ ಕಾಯುತ್ತಿದ್ದರು ಅಂದರೆ ಸರಿ. ಎಂಬತ್ತು ದಾಟಿದ ಹೆಂಗಸು. ಆರು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗಿನಿಂದ ಮಗ ಬೆಳಿಗ್ಗೆ ಸಂಜೆ ಎದುರು ನಿಂತು ಹಾಲಿಲ್ಲದ ಚಹಾ ಕುಡಿಸುತ್ತಿದ್ದ. ಆ ಮನೆಯ ಫ್ರಿಜ್ಜಿನಲ್ಲಿ ಹಾಲು ಈಗ ಕಳ್ಳಮಾಲಿನ ಹಾಗೆ ತರಕಾರಿಯ ಹಿಂದೆ ಅಡಗಿರುತ್ತಿತ್ತು.

"ಯಾಕೆ ಕುಡೀತೀರಾ ಅತ್ತೆ? ಬೇಡ ಅನ್ನೋಕಾಗಲ್ವಾ?"

"ಅವನ ಮುಖ ನೋಡಿದ್ಯಾ? ಗುಟುಕು ಗುಟುಕಿಗೂ ನನ್ನ ಎದೆ ನೋಡ್ತಾನೆ, ಅಲ್ಲಿ ಏನೋ ಲೈಟ್ ಹತ್ತುತ್ತೆ ಅನ್ನೋ ಹಾಗೆ. ಅದಕ್ಕೇ ಕುಡೀತೀನಿ." ಅತ್ತೆ ಮುಖ ಹಿಂಡಿದರು. "ನೀನ್ಯಾಕೆ ಹೀಗಿದೀಯಾ ಹುಡುಗಿ? ಯಾರೇನಂದ್ರು?"

ಕೂದಲು ಬೆಳ್ಳಗಾದವಳನ್ನು ಹುಡುಗಿ ಎಂದು ಕರೆಯುವವರು ಜಗತ್ತಿನಲ್ಲಿ ಅವರೊಬ್ಬರೇ ಉಳಿದಿದ್ದರು. ಅವರಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಒಂದು ವೇಳೆ ಮೈದುನ ಹೇಳಿದ್ದೇ ನಿಜವಾಗಿದ್ದರೆ? ಮಾವ ಕೇಳಿದಾಗಲೆಲ್ಲ, ಇನ್ನೊಂದು ತೊಟ್ಟು, ಇನ್ನೊಂದು ತೊಟ್ಟು ಎಂದು ಹಾಕಿಕೊಟ್ಟ ಕೈ ಅವಳದೇ. ಆ ಸಂಜೆ ಅವಳು ತನ್ನ ಚಹಾಕ್ಕೂ ಹಾಲು ಹಾಕಲಿಲ್ಲ. ಒಂದು ಗುಟುಕು ಕುಡಿದು ಸಿಂಕಿಗೆ ಚೆಲ್ಲಿದಳು, ತನ್ನ ಮೇಲೆ ತನಗೇ ರೇಗಿತು.

ಹೆದರಿ ಮೂಲೆಯಲ್ಲಿ ಕೂರುವುದು ಅವಳ ಜಾಯಮಾನವಲ್ಲ. ಮರುದಿನ ಬಸ್ಸು ಹತ್ತಿ ಲ್ಯಾಬಿನವರ ಹತ್ತಿರವೇ ಹೋದಳು. ಕೊಳವೆ, ಬಾಟಲಿಗಳ ನಡುವೆ ಕನ್ನಡಕ ಹಣೆಗೇರಿಸಿಕೊಂಡು ಕೂತ ಆ ಮನುಷ್ಯ, ಕಂಪನಿಯ ಚಹಾವನ್ನು ವರ್ಷಗಳಿಂದ ಪರೀಕ್ಷೆ ಮಾಡಿಕೊಡುತ್ತಿದ್ದವರು. ಅವಳನ್ನು ಕಂಡು ಕುರ್ಚಿ ಎಳೆದು ಕೂರಿಸಿದರು.

"ನೇರ ಕೇಳ್ತೀನಿ, ನೇರ ಹೇಳಿ. ಹಾಲು ಹಾಕಿದ್ರೆ ಚಹಾದ ಗುಣ ಸತ್ತುಹೋಗುತ್ತಾ?"

"ಸತ್ತುಹೋಗುತ್ತೆ ಅಂತ ನಾನು ಹೇಳಿಲ್ಲ," ಎಂದರು ಅವರು. "ಕೊಳವೆಯಲ್ಲಿ ಚಹಾಕ್ಕೆ ಹಾಲು ಹಾಕಿ ನೋಡಿದ್ರೆ ಅಳತೆ ಕಮ್ಮಿ ಬರುತ್ತೆ, ಅದು ನಿಜ. ಹಾಲಿನ ಪ್ರೋಟೀನು ಆ ಅಂಶಗಳನ್ನ ಹಿಡ್ಕೊಳ್ಳುತ್ತೆ. ಆದ್ರೆ ಹೊಟ್ಟೆ ಅನ್ನೋದು ಗಾಜಿನ ಕೊಳವೆ ಅಲ್ಲ. ಅಲ್ಲಿ ಹಾಲೂ ಜೀರ್ಣ ಆಗುತ್ತೆ, ಹಿಡ್ಕೊಂಡಿದ್ದು ಬಿಟ್ಕೊಳ್ಳಲೂಬಹುದು. ಮನುಷ್ಯರ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಕೆಲವರಿಗೆ ವ್ಯತ್ಯಾಸ ಕಂಡಿದೆ, ಕೆಲವರಿಗೆ ಏನೂ ಕಂಡಿಲ್ಲ. ಇತ್ಯರ್ಥ ಆಗಿಲ್ಲ. ಇಷ್ಟನ್ನೂ ನಿಮ್ಮ ಯಜಮಾನರಿಗೆ ಹೇಳಿದ್ದೆ. ಅವರು ಮೊದಲರ್ಧ ಕೇಳಿ ಎದ್ದುಹೋದ್ರು."

"ಮತ್ತೆ ಒಬ್ಬ ಹಾರ್ಟಿನ ರೋಗಿಗೆ, ವರ್ಷಗಟ್ಟಲೆ, ಚಹಾಕ್ಕೆ ಹಾಲು ಹಾಕಿ ಕೊಟ್ಟರೆ?"

ಅವರು ಅವಳ ಮುಖ ನೋಡಿದರು. "ನಾನು ಡಾಕ್ಟರಲ್ಲ. ಆದ್ರೂ ಹೇಳ್ತೀನಿ, ಚಹಾದ ಹಾಲಿನಿಂದ ಯಾರೋ ಸತ್ತರು ಅಂತ ಹೇಳೋಕೆ ಯಾವ ಆಧಾರಾನೂ ಇಲ್ಲ. ಅವರು ಸಿಗರೇಟು ಸೇದ್ತಿದ್ರಾ?"

ಮಾವ ಸೇದುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಮನೆಯವರೆಲ್ಲ ಸೇರಿ ಬಿಡಿಸಿದ್ದರು. ಬಿಟ್ಟಿದ್ದೂ ಆಯಿತು ಎಂದು ಎಲ್ಲರೂ ನಂಬಿದ್ದರು. ಆದರೆ ಟೆರೇಸಿನಲ್ಲಿ ಬಟ್ಟೆ ಒಣಗಿಸಲು ಹೋದಾಗ ಅವಳ ಮೂಗಿಗೆ ಹೊಗೆ ತಿಳಿಯದೆ ಇರುತ್ತದೆಯೇ? ಆ ಸಿಗರೇಟು ಯಾರು ತಂದುಕೊಡುತ್ತಿದ್ದರು ಎಂಬುದೂ ಅವಳಿಗೆ ಗೊತ್ತಿತ್ತು. ಮೈದುನನ ಸ್ಕೂಟರಿನ ಡಬ್ಬದಲ್ಲಿ ಸ್ವತಃ ಕಂಡಿದ್ದಳು. ಸಿಗರೇಟು ಸೇದದ ಹುಡುಗ ಅವನು. ಅಪ್ಪ ಬೇಡಿಕೊಂಡಾಗ ಇಲ್ಲ ಎನ್ನಲಾರದೆ ಕದ್ದು ತರುತ್ತಿದ್ದ. ಅವಳು ಅದನ್ನು ಹೊಟ್ಟೆಗೆ ಹಾಕಿಕೊಂಡು ಬಿಟ್ಟಿದ್ದಳು, ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳ ಎದೆಯ ಭಾರ ಇಳಿದಿತ್ತು, ಸಿಟ್ಟು ಮಾತ್ರ ನೆತ್ತಿಗೇರಿತ್ತು.

ಭಾನುವಾರ ಡೀಲರುಗಳೆಲ್ಲ ಬಂದು ರುಚಿ ನೋಡುವ ಕೋಣೆಯಲ್ಲಿ ಗೋಡೆಗುಂಟ ಕೂತರು. ಯಜಮಾನ ಇಸ್ತ್ರಿ ಮುರಿಯದ ಅಂಗಿ ತೊಟ್ಟಿದ್ದ. ಅತ್ತೆಯನ್ನೂ ಕಾರಿನಲ್ಲಿ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಹಾಲಿಲ್ಲದ ಚಹಾ ಕುಡಿದು ಹೃದಯ ಗಟ್ಟಿಮಾಡಿಕೊಂಡವರು ಎಂದು ತೋರಿಸಲು ಮನೆಯಲ್ಲೇ ಒಬ್ಬರು ಇದ್ದಾರಲ್ಲ! ಅತ್ತಿಗೆ ಕಿಟಕಿಯ ಪಕ್ಕ ತನ್ನ ಕುರ್ಚಿಯಲ್ಲಿ ಕೂತಳು. ಬರುವಾಗ ಕೈಚೀಲದಲ್ಲಿ ಒಂದು ಹಾಲಿನ ಪ್ಯಾಕೆಟ್ ತಂದಿದ್ದಳು. ಅದನ್ನು ತೆಗೆದು ಮೇಜಿನ ನಟ್ಟನಡುವೆ ಇಟ್ಟಳು. ಮೈದುನ ನೋಡಿದ. ಜನರ ಮುಂದೆ ಏನೂ ಅನ್ನಲಾಗದೆ ಹಲ್ಲು ಕಚ್ಚಿದ.

ಎಲ್ಲರಿಗೂ ಹಾಲಿಲ್ಲದ ಚಹಾ ಹಂಚಿದರು. ಯಜಮಾನ ಹೃದಯದ ಬಗ್ಗೆ, ರಕ್ತನಾಳದ ಬಗ್ಗೆ ಸೊಗಸಾಗಿ ಮಾತಾಡಿದ. ಡೀಲರುಗಳು ತಲೆದೂಗುತ್ತಾ ಲೋಟ ಬಾಯಿಗಿಟ್ಟರು, ತಲೆದೂಗುವುದು ಅಲ್ಲಿಗೇ ನಿಂತಿತು. ಒಬ್ಬ ಕೆಮ್ಮಿದ. ಇನ್ನೊಬ್ಬ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ನುಂಗಲೋ ಉಗುಳಲೋ ಎಂದು ಅಕ್ಕಪಕ್ಕ ನೋಡಿದ. ಎಲ್ಲರಿಗಿಂತ ಹಳಬನಾದ ದಪ್ಪ ಡೀಲರ್ ಬಾಯಿಬಿಟ್ಟೇ ಕೇಳಿದ: "ಯಜಮಾನ್ರೇ, ಇದನ್ನ ಕುಡಿಯೋದಾ, ಗಾಯಕ್ಕೆ ಹಚ್ಚೋದಾ?"

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಯಜಮಾನನ ಕಿವಿ ಕೆಂಪಾಯಿತು. "ಅಭ್ಯಾಸ ಆಗುತ್ತೆ," ಎಂದ. ಆಮೇಲೆ ಅವಳ ಕಡೆ ತಿರುಗಿದ. "ಅತ್ತಿಗೆ, ಹೇಳಿ."

ಅತ್ತಿಗೆ ಬಟ್ಟಲೆತ್ತಿ ಸೊರ್ರನೆ ಹೀರಿದಳು, ಬಾಯೆಲ್ಲ ಆಡಿಸಿ ಡಬ್ಬಕ್ಕೆ ಉಗುಳಿದಳು. ಪಕ್ಕದ ಬಟ್ಟಲಿಗೆ ಹಾಲು ಸುರಿದಳು. ಇಟ್ಟಿಗೆಯ ಬಣ್ಣ ಎದ್ದಿತು. ಅದನ್ನೂ ಹೀರಿದಳು.

"ಚಹಾ ಚೆನ್ನಾಗಿದೆ," ಎಂದಳು. "ಪೊಟ್ಟಣದ ಮೇಲಿರೋದು ಸುಳ್ಳು. ಹಾಲು ಹಾಕಿದ್ರೆ ಗುಣ ಸ್ವಲ್ಪ ಕಮ್ಮಿ ಆಗುತ್ತೋ ಆಗಲ್ವೋ ಅಂತ ಓದಿದವರೇ ಇನ್ನೂ ತೀರ್ಮಾನ ಮಾಡಿಲ್ಲ. ನಾವು ಮಾಡ್ಬಿಟ್ವಾ? ಕರಿಚಹಾ ಕುಡಿಯೋರು ಕುಡೀಲಿ, ಒಳ್ಳೇದೇ. ಅವರಿಗೆ ಅಂತ ಬೇರೆ ಚಹಾ ಕಟ್ಟಿಕೊಡ್ತೀನಿ, ಟೈಮ್ ಕೊಡಿ. ಇದು ಮಾತ್ರ ಹಾಲಿನ ಚಹಾ. ಬೆಳಗಿನ ಪಾಳಿಯವನು ಒಂದು ಲೋಟ ಚಹಾ ಕುಡಿಯೋವಾಗ ಅವನನ್ನ ಹೆದರಿಸೋ ಪೊಟ್ಟಣಕ್ಕೆ ನಾನು ಒಪ್ಪಿಗೆ ಕೊಡಲ್ಲ."

"ಹೋಗಲಿ ಅನ್ನಿ," ಎಂದ ಯಜಮಾನ, ಮೆಲ್ಲಗೆ.

"ಜಪ್ಪಯ್ಯ ಅಂದ್ರೂ ಅನ್ನಲ್ಲ."

"ಹಾಗಿದ್ರೆ ಏಳಿ ಆ ಕುರ್ಚಿಯಿಂದ!" ಅವನು ಕೂಗಿಯೇ ಬಿಟ್ಟ. ಲೋಟ ಹಿಡಿದ ಕೈಗಳೆಲ್ಲ ಹಾಗೇ ನಿಂತವು. "ಸಾಕು ನಿಮ್ಮ ಹಾಲು! ಅಪ್ಪನ್ನ ತಿಂದದ್ದು ಸಾಲದಾ? ಡಾಕ್ಟರು ಕೈಬಿಟ್ಟ ಎದೆಗೆ ದಿನಾ ಹಾಲು ಸುರಿದು ಸುರಿದು ಕೊಂದ್ರಿ. ಈಗ ಅಮ್ಮನ್ನೂ..."

ಸ್ಕೂಟರಿನ ಡಬ್ಬದ ಮಾತು ಅತ್ತಿಗೆಯ ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು, ಅವನು ಇಷ್ಟೂ ಜನರೆದುರು ಮಣ್ಣುಪಾಲಾಗುತ್ತಿದ್ದ. ಆಗ ಅವಳಿಗೆ ಅವನ ಮುಖ ಕಂಡಿತು. ಮಾವನ ಹೆಣದ ಮುಂದೆ ನಿಂತಿದ್ದಾಗ ಇದ್ದ ಮುಖವೇ ಅದು. ಈ ಪೊಟ್ಟಣ, ಈ ದಪ್ಪ ಅಕ್ಷರ, ಈ ಬಿಸಿನೀರು, ಎಲ್ಲ ಯಾಕೆಂದು ಅವಳಿಗೆ ಒಮ್ಮೆಲೇ ಹೊಳೆಯಿತು. ಹಾಲು ಕೊಂದಿರಲೇಬೇಕಿತ್ತು ಅವನಿಗೆ. ಹಾಲು ಕೊಲ್ಲದಿದ್ದರೆ ಇನ್ನೇನು ಕೊಂದಿತು ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತಿತ್ತು. ಅವಳು ಬಂದ ಮಾತನ್ನು ನುಂಗಿದಳು. ಉಗುಳುವುದೇ ಕೆಲಸವಾದವಳಿಗೆ ಅಷ್ಟು ಕಹಿ ನುಂಗುವುದು ಸುಲಭವಿರಲಿಲ್ಲ.

"ಲೋ," ಎಂದರು ಅತ್ತೆ ಮುಂದಿನ ಸಾಲಿನಿಂದ.

"ಅಮ್ಮಾ, ನೀನು ಸುಮ್ನಿರು, ನಿನ್ನ ಬಿಪಿ..."

"ನನ್ನ ಬಿಪಿ ನಾನು ನೋಡ್ಕೋತೀನಿ. ಇಲ್ಲಿ ಬಾ, ಹತ್ರ ಬಾ." ಅವನು ಬಂದ. ಅತ್ತೆ ದನಿ ತಗ್ಗಿಸಿದರು, ಆದರೆ ಆ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. "ಹಾಲು ಹಾಕಿಕೊಟ್ಟವಳು ಅವಳು. ಸಿಗರೇಟು ತಂದುಕೊಟ್ಟವನು ನೀನು."

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಒಂದೇ ಹಾಸಿಗೇಲಿ ಮಲಗ್ತಿದ್ದೆ ಕಣೋ, ಹೊಗೆ ವಾಸನೆ ಗೊತ್ತಾಗಲ್ವಾ? ಬೆಂಕಿಪೊಟ್ಟಣ ದಿಂಬಿನಡಿ ಇಡ್ತಿದ್ದವಳೇ ನಾನು." ಅತ್ತೆ ಅವನ ಮಣಿಕಟ್ಟು ಹಿಡಿದುಕೊಂಡರು. "ಅವರಿಗೆ ಎರಡೂ ಬೇಕಿತ್ತು. ಕೇಳಿದ್ರು, ಕೊಟ್ವಿ. ಯಾರಿಗೂ ಬಗ್ಗದೆ ಬದುಕಿದ್ರು, ಹೋದ್ರು. ಅವರ ಸಾವು ಅವರದ್ದು ಕಣೋ ಮಗಾ. ಅದರಲ್ಲಿ ನಿನಗೂ ಪಾಲಿಲ್ಲ, ಅವಳಿಗೂ ಪಾಲಿಲ್ಲ, ಪಾಪ ಆ ಹಾಲಿಗಂತೂ ಇಲ್ಲವೇ ಇಲ್ಲ."

ಅವನು ಅಲ್ಲೇ, ಅಮ್ಮನ ಕಾಲ ಬಳಿ, ಇಸ್ತ್ರಿ ಅಂಗಿಯಲ್ಲೇ ನೆಲಕ್ಕೆ ಕೂತುಬಿಟ್ಟ. ಯಾರೂ ಅವನನ್ನು ಏಳಿಸಲು ಹೋಗಲಿಲ್ಲ. ದಪ್ಪ ಡೀಲರ್ ಮೇಲೆದ್ದು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎಂಬಂತೆ ನೋಡುತ್ತಾ ನಿಂತ, ಉಳಿದವರೂ ಮರ್ಯಾದೆಯಿಂದ ಆ ಕಡೆಗೇ ನೋಡಿದರು. ಅತ್ತೆ ತಮ್ಮ ಲೋಟವನ್ನು ಸೊಸೆಯತ್ತ ಚಾಚಿದರು.

"ಹುಡುಗಿ, ಹಾಲು ಹಾಕು ಇದಕ್ಕೆ. ಈ ಎದೆ ನನ್ನದು. ಮಿಕ್ಕಿದ ನಾಲ್ಕು ದಿನ ಇದು ನನಗೆ ಬೇಕಾದ ಹಾಗೆ ಬಡ್ಕೊಳ್ಳಲಿ."

ಅತ್ತಿಗೆ ಹಾಲು ಹಾಕಿದಳು. ಅತ್ತೆ ಕುಡಿದು ಕಣ್ಣು ಮುಚ್ಚಿದರು. ಆರು ತಿಂಗಳಿಂದ ಯಾರೂ ಆ ಮುಖದಲ್ಲಿ ಅಂಥ ಸುಖ ಕಂಡಿರಲಿಲ್ಲ. ಹಿಂದಿನಿಂದ ಯಾರೋ ಒಬ್ಬ ಡೀಲರ್ ತನ್ನ ಲೋಟವನ್ನೂ ಮೆಲ್ಲಗೆ ಮುಂದೆ ತಳ್ಳಿದ.

ನೆಲದ ಮೇಲಿಂದ ಮೈದುನ ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು. "ನಿಮಗೂ ಗೊತ್ತಿತ್ತಾ ಅತ್ತಿಗೆ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ? ನಾನು ಇಷ್ಟು ಜನರೆದುರು ನಿಮ್ಮನ್ನ..."

"ನಾನು ಜಗಳ ಆಡ್ತಿದ್ದದ್ದು ಪೊಟ್ಟಣದ ಜೊತೆ, ನಿನ್ನ ಜೊತೆ ಅಲ್ಲ."

ಅವನು ಮೂಗು ಒರೆಸಿಕೊಂಡ. "ಏಳಿ ಅಂದದ್ದನ್ನ ಮನಸ್ಸಿಗೆ ಹಚ್ಚಿಕೋಬೇಡಿ," ಎಂದ. "ಆ ಕುರ್ಚಿ ನಿಮ್ಮದೇ. ಕೂತ್ಕೊಳ್ಳಿ."

"ಕೂತ್ಕೊಳ್ಳಿ ಅನ್ನೋಕೆ ನಾನು ಎದ್ದಿದ್ದರೆ ತಾನೇ?" ಎಂದಳು ಅತ್ತಿಗೆ. "ನೀನು ಅಷ್ಟು ಕೂಗಿದಾಗಲೂ ಅಲ್ಲಾಡಿಲ್ಲ, ನೋಡು. ಎದ್ದು ಬಾ, ಆ ಹೊಸ ಪೊಟ್ಟಣಗಳನ್ನ ನನ್ನ ಕಣ್ಣಮುಂದಿಂದ ತೆಗೆಸು. ಜನ ಚಹಾಕ್ಕೆ ಕಾಯ್ತಿದಾರೆ."